ಕೌದಿಯ ಸುತ್ತಲಿನ ಅನ್ಯೋನ್ಯತೆ

(ಅಪೊಸ್ತಲರ ಕೃತ್ಯಗಳು 9ನೆಯ ಅಧ್ಯಾಯದ 36ರಿಂದ 42ರ ವರೆಗಿನ ವಚನಗಳನ್ನು ಮೊದಲು ಓದಿಕೊಳ್ಳಿರಿ.)



ಸುಗ್ಗಿ ತೀರಿ ಹೊಲದ ಕೆಲಸವು ತುಸು ಕಡಿಮೆಯಾದ ಬೇಸಿಗೆಯ ಮಧ್ಯಾಹ್ನಗಳಲ್ಲಿ, ನಮ್ಮ ಧಾರವಾಡ ಗದಗ ಸೀಮೆಗಳ ಹಳ್ಳಿಗಳಲ್ಲಿ, ಯಾವದಾದರೊಂದು ಮನೆಯ ಪಡಸಾಲೆಯ ಮೇಲೆ ಹಳೆಯ ಸೀರೆಯೊಂದು ಹಾಸಲ್ಪಟ್ಟು, ಅದರ ಸುತ್ತಲೂ ಮೂರು ನಾಲ್ಕು ಮಂದಿ ಸ್ತ್ರೀಯರು ಸೂಜಿ ಹಿಡಿದು ಕೂತಿರುವದನ್ನು ನೀವು ನೋಡಿದ್ದೀರಿ. ಅವರು ಕೌದಿ ಹೊಲಿಯುತ್ತಾರೆ. ಕೈಯೂ ನಡೆಯುತ್ತದೆ, ಮಾತೂ ನಡೆಯುತ್ತದೆ. ನಡುನಡುವೆ ಹಾಡು, ನಗೆ, ಎಲೆ ಅಡಿಕೆ. ದಾರಿಯಲ್ಲಿ ಹೋಗುವ ಗಂಡಸರು ಇದು ಹೆಂಗಸರ ಹೊತ್ತುಗಳೆ ಎಂದು ನಕ್ಕು ಮುಂದೆ ಹೋಗುವದುಂಟು. ಬೋಧಕರಾದ ನಾವೂ ಬಹಳ ವರುಷ ಹಾಗೆಯೇ ತಿಳಿದಿದ್ದೆವು. ಪ್ರಾರ್ಥನೆಗಾಗಿ ಮನೆಗಳಿಗೆ ಹೋದಾಗ, ಕೌದಿಯನ್ನು ಸುತ್ತಿ ಮೂಲೆಗಿಟ್ಟು ದೇವರ ಮಾತಿಗೆ ಕೂತುಕೊಳ್ಳಿರೆಂದು ಹೇಳಿದವರೂ ನಾವೇ. ಆ ಕೌದಿಯ ಸುತ್ತಲೂ ದೇವರ ಮಾತಿಗೆ ಸ್ಥಳವಿತ್ತೆಂಬದನ್ನು ಸತ್ಯವೇದವು ನಮಗೆ ತಡವಾಗಿ ಕಲಿಸಿತು.

ಯೊಪ್ಪವು ಸಮುದ್ರತೀರದ ಪಟ್ಟಣವು. ಅಲ್ಲಿ ತಬಿಥಾ ಎಂಬ ಶಿಷ್ಯಳಿದ್ದಳು. ಗ್ರೀಕ್ ಭಾಷೆಯಲ್ಲಿ ಅವಳ ಹೆಸರು ದೊರ್ಕ, ಅಂದರೆ ಜಿಂಕೆ. ಶಿಷ್ಯ ಎಂಬ ಪದದ ಸ್ತ್ರೀಲಿಂಗ ರೂಪವು ಗ್ರೀಕ್ ಹೊಸ ಒಡಂಬಡಿಕೆಯಲ್ಲೆಲ್ಲಾ ಒಂದೇ ಸಾರಿ ಬರುತ್ತದೆ, ಅದು ಈಕೆಯನ್ನು ಕುರಿತೇ ಬರುತ್ತದೆ. ಈಕೆ ಬೋಧಿಸಿದಳೆಂದು ಬರೆದಿಲ್ಲ, ಪ್ರವಾದಿಸಿದಳೆಂದು ಬರೆದಿಲ್ಲ. ಆಕೆ ಹೊಲಿದಳು. ಆಕೆ ರೋಗಬಿದ್ದು ಸತ್ತಾಗ, ಲುದ್ದದಲ್ಲಿದ್ದ ಪೇತ್ರನನ್ನು ಕರೆಯಲು ಇಬ್ಬರು ಮನುಷ್ಯರು ಓಡಿದರು. ಅವನು ಮೇಲಂತಸ್ತಿನ ಕೋಣೆಗೆ ಬಂದಾಗ ವಿಧವೆಯರೆಲ್ಲರೂ ಅಳುತ್ತಾ ಅವನ ಹತ್ತಿರ ನಿಂತು, ದೊರ್ಕಳು ಮಾಡಿದ ಒಳಂಗಿ ಮೇಲಂಗಿಗಳನ್ನು ಅವನಿಗೆ ತೋರಿಸಿದರು.

ಇಲ್ಲಿ ಒಂದು ಚಿಕ್ಕ ಮಾತನ್ನು ನಾವು ಗಮನಿಸತಕ್ಕದ್ದು. ದೊರ್ಕಳು ಆ ಬಟ್ಟೆಗಳನ್ನು ಅವರಿಗೋಸ್ಕರ ಮಾಡಿದಳೆಂದು ಮಾತ್ರ ಬರೆದಿದ್ದರೆ ಸಾಕಾಗುತ್ತಿತ್ತು. ಆದರೆ ಅವರ ಸಂಗಡ ಇದ್ದ ಕಾಲದಲ್ಲಿ ಮಾಡಿದಳೆಂದು ಲೂಕನು ಬರೆಯುತ್ತಾನೆ. ದೂರದಿಂದ ಕಳುಹಿಸಿದ ಧರ್ಮದ ಬಟ್ಟೆಯು ಬೇರೆ, ಸಂಗಡ ಕೂತು ಹೊಲಿದ ಬಟ್ಟೆಯು ಬೇರೆ. ಆ ವಿಧವೆಯರು ಅತ್ತದ್ದು ಅಂಗಿಗಳಿಗಾಗಿ ಅಲ್ಲ. ತಮ್ಮ ಸಂಗಡ ಕೂರುವವಳು ಹೋದಳಲ್ಲಾ ಎಂದು ಅತ್ತರು. ಆದದರಿಂದಲೇ ಪೇತ್ರನು ಮೊಣಕಾಲೂರಿ ಪ್ರಾರ್ಥಿಸಿ ಆಕೆಯನ್ನು ಎಬ್ಬಿಸಿದ ಮೇಲೆ, ದೇವಜನರನ್ನೂ ವಿಧವೆಯರನ್ನೂ ಕರೆದು ಆಕೆಯನ್ನು ಅವರ ಮುಂದೆ ನಿಲ್ಲಿಸಿದನು. ವಿಧವೆಯರೂ ದೇವಜನರೊಳಗೆ ಸೇರಿದವರಲ್ಲವೇ? ಆದರೂ ಅವರನ್ನು ಬೇರೆಯಾಗಿ ಹೆಸರಿಸಿರುವದು ನಮ್ಮ ಬುದ್ಧಿಗೋಸ್ಕರವೆಂದು ತಿಳಿಯುತ್ತೇವೆ.

ಈಗ ನಮ್ಮ ಪಡಸಾಲೆಗೆ ತಿರುಗಿ ಬರೋಣ. ಕೌದಿಯು ನಮಗೆ ಕಲಿಸುವದೇನು?

ಮೊದಲನೆಯದಾಗಿ, ಕೌದಿಯಲ್ಲಿ ಬಿಸಾಡತಕ್ಕದ್ದು ಯಾವದೂ ಇಲ್ಲ. ಅಜ್ಜಿಯ ಸವೆದ ಇಳಕಲ್ ಸೀರೆ, ಅಪ್ಪನ ಹರಿದ ಧೋತರ, ಮಗುವಿಗೆ ಚಿಕ್ಕದಾದ ಅಂಗಿ, ದರ್ಜಿಯ ಅಂಗಡಿಯಲ್ಲಿ ಉಳಿದ ಚೂರು, ಇವೆಲ್ಲವೂ ಅದರಲ್ಲಿ ಸ್ಥಳ ಪಡೆಯುತ್ತವೆ. ಹೊಸ ಅರಿವೆಗಿಂತ ಹಳೆಯದೇ ಇದಕ್ಕೆ ಉತ್ತಮವಾದದ್ದು. ಯಾಕಂದರೆ ಅನೇಕ ಸಾರಿ ಒಗೆದು ಮೆತ್ತಗಾದ ಅರಿವೆಯಲ್ಲಿ ಸೂಜಿಯು ಸುಲಭವಾಗಿ ನಡೆಯುವದು, ಮೈಗೂ ಅದು ಹಿತವಾಗಿರುವದು. ಬಂಗಾಳದವರ ಕಾಂಥಾ, ಬಿಹಾರದವರ ಸುಜನಿ, ಮಹಾರಾಷ್ಟ್ರದವರ ಗೋಧಡಿ, ಇವೆಲ್ಲವೂ ಕೌದಿಯ ಅಕ್ಕತಂಗಿಯರೇ. ಕಷ್ಟದಲ್ಲಿ ಸವೆದ ಮನುಷ್ಯರನ್ನು ನಾವು ಉಪಯೋಗವಿಲ್ಲದವರೆಂದು ಎಣಿಸುತ್ತೇವೆ. ದೇವರಾದರೋ ಅವರಿಂದಲೇ ಇತರರಿಗೆ ಬೆಚ್ಚಗಿನ ಹೊದಿಕೆಯನ್ನು ಮಾಡುತ್ತಾನೆ.

ಎರಡನೆಯದಾಗಿ, ಸಂಗಡ ಕೂತು ಹೊಲಿಯುವದರಲ್ಲಿರುವ ಸಂತೋಷವು ದೇವರ ವರವಾಗಿದೆ. ದುಡಿಮೆಯೆಂದರೆ ನರಳುವದೇ ಎಂದು ಕೆಲವರು ಎಣಿಸಿ, ಕೆಲಸದಲ್ಲಿ ನಗುವವರನ್ನು ಕಂಡರೆ ಮುಖ ಗಂಟಿಕ್ಕುತ್ತಾರೆ. ಹಾಗಲ್ಲ. ಕೊರಿಂಥ ಪಟ್ಟಣದಲ್ಲಿ ಪೌಲನು ಅಕ್ವಿಲ ಪ್ರಿಸ್ಕಿಲ್ಲರೆಂಬ ದಂಪತಿಗಳ ಮನೆಯಲ್ಲಿ ಇಳುಕೊಂಡು, ಅವರ ಸಂಗಡ ಗುಡಾರ ಮಾಡುವ ಕೆಲಸವನ್ನು ಮಾಡುತ್ತಿದ್ದನು. ಒಂದೇ ಕಸುಬು ಅವರನ್ನು ಒಂದೇ ಮನೆಯವರನ್ನಾಗಿ ಮಾಡಿತು. ಕೈ ಒಂದು ಕೆಲಸದಲ್ಲಿರುವಾಗ ಮನಸ್ಸು ಮೆಲ್ಲಗೆ ತೆರೆಯುತ್ತದೆ. ಮುಖಾಮುಖಿಯಾಗಿ ಕೂತು ಕೇಳಿದರೆ ಹೇಳದ ದುಃಖವನ್ನು, ಕಣ್ಣು ಹೊಲಿಗೆಯ ಮೇಲಿರುವಾಗ ಸೊಸೆಯು ಅತ್ತೆಗೆ ಹೇಳುವಳು, ನೆರೆಯವಳು ನೆರೆಯವಳಿಗೆ ಹೇಳುವಳು. ಆದರೆ ಎಚ್ಚರವಾಗಿರ್ರಿ. ಸೂಜಿಯು ಕೂಡಿಸುತ್ತಿರುವ ಹೊತ್ತಿನಲ್ಲೇ ನಾಲಿಗೆಯು ಕತ್ತರಿಯಾಗಬಾರದು. ಅಲ್ಲಿ ಇಲ್ಲದವಳ ಮಾತನ್ನು ಆಡಬೇಕಾದರೆ, ಅವಳೂ ಬಂದು ಕೂತಿದ್ದಾಳೆಂದು ನೆನೆದು ಆಡಿರಿ.

ಮೂರನೆಯದಾಗಿ, ಸಂಗಡ ಹೊಲಿಯುವದು ತಳ್ಳಲ್ಪಟ್ಟವರನ್ನು ತಿರಿಗಿ ಕೂಡಿಸಬಲ್ಲದು. ಇದಕ್ಕೆ ದೂರದೇಶದ ಒಂದು ಸಂಗತಿಯನ್ನು ಹೇಳುತ್ತೇವೆ. ಎಲಿಸಬೆತ್ ಫ್ರೈ ಎಂಬ ಭಕ್ತಸ್ತ್ರೀಯು 1813ರಲ್ಲಿ ಲಂಡನ್ ಪಟ್ಟಣದ ನ್ಯೂಗೇಟ್ ಸೆರೆಮನೆಯನ್ನು ಮೊದಲ ಸಾರಿ ಹೊಕ್ಕು, ಅಲ್ಲಿಯ ಹೆಂಗಸರೂ ಅವರ ಮಕ್ಕಳೂ ಹೊಲಸಿನಲ್ಲಿ ಬಿದ್ದಿರುವದನ್ನು ಕಂಡಳು. 1817ರಲ್ಲಿ ಆಕೆ ಬೇರೆ ಸ್ತ್ರೀಯರನ್ನು ಕೂಡಿಸಿಕೊಂಡು ಆ ಕೈದಿಗಳಿಗೆ ಓದನ್ನೂ ಹೊಲಿಗೆಯನ್ನೂ ಕಲಿಸತೊಡಗಿದಳು. ಆ ಕಾಲದಲ್ಲಿ ಕೈದಿಗಳನ್ನು ಹಡಗಿನಲ್ಲಿ ತುಂಬಿ ಆಸ್ಟ್ರೇಲಿಯಕ್ಕೆ ಕಳುಹಿಸಿಬಿಡುತ್ತಿದ್ದರು. ಹಾಗೆ ಹೋಗುವ ಹೆಂಗಸರಿಗೆ ಈ ಸ್ತ್ರೀಯರು ಸೂಜಿ, ದಾರ, ಕತ್ತರಿ, ಬೆರಳಿಗೆ ಹಾಕುವ ಟೊಪ್ಪಿಗೆ, ಸುಮಾರು ಎರಡು ಪೌಂಡು ಅರಿವೆಯ ಚೂರುಗಳು, ಇವುಗಳನ್ನು ಕೊಟ್ಟು ಕಳುಹಿಸಿದರು. 1841ರ ಏಪ್ರಿಲ್ ತಿಂಗಳಲ್ಲಿ ‘ರಾಜಾ’ ಎಂಬ ಹಡಗು ಸುಮಾರು 180 ಮಂದಿ ಸ್ತ್ರೀಕೈದಿಗಳೊಡನೆ ಇಂಗ್ಲಂಡನ್ನು ಬಿಟ್ಟು, ಜುಲೈ ತಿಂಗಳಲ್ಲಿ ಹೋಬಾರ್ಟ್ ರೇವನ್ನು ಮುಟ್ಟಿತು. ಆ ಪ್ರಯಾಣದಲ್ಲಿ ಅವರು 2815 ಚೂರುಗಳನ್ನು ಕೂಡಿಸಿ ಒಂದು ದೊಡ್ಡ ಹೊದಿಕೆಯನ್ನು ಹೊಲಿದು, ತಮಗೆ ಉಪಕಾರ ಮಾಡಿದ ಸ್ತ್ರೀಯರಿಗೆ ಕೃತಜ್ಞತೆಯ ಮಾತುಗಳನ್ನು ಅದರ ಮೇಲೆ ದಾರದಿಂದ ಬರೆದರು. ಅದು ಇಂದು ಆಸ್ಟ್ರೇಲಿಯದ ಕ್ಯಾನ್‌ಬೆರಾ ಪಟ್ಟಣದ ರಾಷ್ಟ್ರೀಯ ಕಲಾಶಾಲೆಯಲ್ಲಿ ಇಡಲ್ಪಟ್ಟಿದೆ. ಹೊಲಿದವರ ಹೆಸರುಗಳು ಅದರ ಮೇಲಿಲ್ಲ. ದೇಶವು ಚಿಂದಿಯಂತೆ ಬಿಸಾಡಿದ ಹೆಂಗಸರು ಚಿಂದಿಗಳಿಂದ ಒಂದು ಅಂದವಾದ ವಸ್ತುವನ್ನು ಮಾಡಿದರು. ಅವರಿಗೆ ಕೊಡಲ್ಪಟ್ಟ ದಾನವು ಸೂಜಿದಾರ ಮಾತ್ರವಲ್ಲ. ಒಬ್ಬರ ಸಂಗಡ ಒಬ್ಬರು ಕೂತು ಮಾಡತಕ್ಕ ಒಂದು ಒಳ್ಳೆಯ ಕೆಲಸವೇ ಆ ದಾನವಾಗಿತ್ತು.

ಇಂಥ ಪಾಠಕ್ಕೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಕಾಡಂಚಿನಲ್ಲಿ ಸಿದ್ದಿಯರು ವಾಸಿಸುತ್ತಾರೆ. ಇವರ ಪೂರ್ವಿಕರು ಆಫ್ರಿಕ ಖಂಡದವರು. ಅವರಲ್ಲಿ ಅನೇಕರು ಪೋರ್ಚುಗೀಜರಿಂದ ಗೋವೆಗೆ ದಾಸರಾಗಿ ತರಲ್ಪಟ್ಟು, ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದರು. ಇವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ; ಮೂರು ಮತದ ಸ್ತ್ರೀಯರೂ ಕವಂದಿ ಎಂಬ ಕೌದಿಯನ್ನು ಹೊಲಿಯುತ್ತಾರೆ. ಒಂದು ಮೂಲೆಯಲ್ಲಿ ಆರಂಭಿಸಿ, ಅಂಚಿನ ಗುಂಟ ತೇಪೆಗಳನ್ನು ಇಡುತ್ತಾ, ಸುತ್ತು ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ. ಕಡೆಯಲ್ಲಿ ಚಿಕ್ಕ ಅರಿವೆಯ ತುಂಡುಗಳನ್ನು ಮಡಚಿ ಮೂಲೆಗಳಿಗೆ ಹೂವಾಗಿ ಸೇರಿಸುತ್ತಾರೆ. ಮೂಲೆಯ ಹೂವಿಲ್ಲದ ಕೌದಿಯು ಬತ್ತಲೆಯಾಗಿರುವದೆಂದು ಅವರು ಹೇಳುತ್ತಾರೆ.

ಪ್ರಿಯರೇ, ಈ ಮೂಲೆಯ ಹೂವಿನ ಮುಂದೆ ನಾವು ನಿಂತು ನಮ್ಮನ್ನು ಪರೀಕ್ಷಿಸಿಕೊಳ್ಳಬೇಕು. ನಮ್ಮ ಸಭೆಯೆಂಬ ಕೌದಿಯ ಮೂಲೆಯಲ್ಲಿ ಯಾರಿದ್ದಾರೆ? ಶುಭಕಾರ್ಯದ ದಿವಸ ವಿಧವೆಯನ್ನು ಹಿಂದೆ ನಿಲ್ಲಿಸುವ ರೂಢಿಯು ನಮ್ಮ ಹಳ್ಳಿಗಳಿಂದ ಇನ್ನೂ ಪೂರ್ಣವಾಗಿ ಹೋಗಿಲ್ಲ. ಕ್ರಿಸ್ತನ ಹೆಸರನ್ನು ಧರಿಸಿಕೊಂಡವರ ಮನೆಗಳಲ್ಲಿಯೂ ಅದರ ನೆರಳು ಬಿದ್ದಿರುವದಾದರೆ ನಾವು ನಾಚಿಕೆಪಡಬೇಕು. ಒಂದು ಮನೆಯನ್ನು ಮನಸ್ಸಿನಲ್ಲಿ ತಂದುಕೊಳ್ಳಿರಿ. ಚೊಚ್ಚಲ ಮೊಮ್ಮಗುವಿಗೆ ಕೌದಿ ಹೊಲಿಯುತ್ತಾರೆ. ಓಣಿಯ ಹೆಂಗಸರೆಲ್ಲರೂ ಕರೆಯಲ್ಪಟ್ಟಿದ್ದಾರೆ. ಎದುರು ಮನೆಯ ಬಾಗಿಲಲ್ಲಿ ಒಬ್ಬ ವಿಧವೆಯು ಕೂತು ನೋಡುತ್ತಾಳೆ. ಆಕೆಯ ಹೊಲಿಗೆಯಷ್ಟು ಸಣ್ಣ ಹೊಲಿಗೆಯು ಆ ಓಣಿಯಲ್ಲಿ ಯಾರ ಕೈಯಲ್ಲಿಯೂ ಇಲ್ಲ. ಯಾರೂ ಆಕೆಗೆ ಕೆಟ್ಟ ಮಾತು ಆಡಲಿಲ್ಲ; ಕರೆಯಲಿಲ್ಲ, ಅಷ್ಟೇ. ಯೊಪ್ಪದ ದೊರ್ಕಳು ಆ ಓಣಿಗೆ ಬಂದರೆ ಯಾವ ಮನೆಯಲ್ಲಿ ಕೂತಾಳು? ನೀವೇ ಹೇಳಿರಿ.

ಇಂದು ಹೊದಿಕೆಗಳಿಗೆ ಕೊರತೆಯಿಲ್ಲ. ಸಂತೆಯಲ್ಲಿ ಬಣ್ಣಬಣ್ಣದ ಯಂತ್ರದ ಹೊದಿಕೆಗಳು ಸಿಕ್ಕುತ್ತವೆ, ಅವೂ ಚಳಿಯನ್ನು ತಡೆಯುತ್ತವೆ. ಕೊಂಡವರನ್ನು ನಾವು ದೂಷಿಸುವದಿಲ್ಲ. ಆದರೆ ಸಂತೆಯಲ್ಲಿ ಹೊದಿಕೆಯನ್ನು ಕೊಂಡಾಗ ಅದರ ಸುತ್ತಲಿನ ಸಂಗವು ನಮಗೆ ಸಿಕ್ಕುವದಿಲ್ಲ. ಕೌದಿಯನ್ನು ಬಿಟ್ಟರೂ ಬಿಡಬಹುದು, ಸಂಗಡ ಕೂರುವದನ್ನು ಬಿಡಬಾರದು. ಆದಕಾರಣ ನಮ್ಮ ಬಿನ್ನಹವು ಇಷ್ಟೇ: ವಾರಕ್ಕೆ ಒಂದು ಮಧ್ಯಾಹ್ನ ಪಡಸಾಲೆಯ ಮೇಲೆ ಹಳೆಯ ಸೀರೆಯೊಂದನ್ನು ಹಾಸಿರಿ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಸೂಜಿಗೆ ದಾರ ಪೋಣಿಸುವದನ್ನು ಕಲಿಸಿರಿ. ಮೊದಲನೆಯ ಹೊಲಿಗೆ ಹಾಕುವದಕ್ಕೆ ಮುಂಚೆ ಒಬ್ಬರು ಎದ್ದು ಹೋಗಿ, ಇದುವರೆಗೆ ಯಾರೂ ಕರೆಯದವಳನ್ನು ಕೈಹಿಡಿದು ಕರೆದುಕೊಂಡು ಬರ್ರಿ. ಆಕೆಗೆ ಹಿಂದಿನ ಸಾಲಿನಲ್ಲಿ ಅಲ್ಲ, ಹೊಲಿಗೆಯು ಆರಂಭವಾಗುವ ಮೂಲೆಯಲ್ಲಿಯೇ ಸ್ಥಳ ಕೊಡಿರಿ. ಬೋಧಕರಾದ ನಾವು ಬಂದರೆ ಕೌದಿಯನ್ನು ಸುತ್ತಿಡಬೇಡಿರಿ. ನಾವೂ ಒಂದು ಬದಿಯಲ್ಲಿ ಕೂತು, ನಿಮ್ಮ ಕೈಗಳು ನಡೆಯುತ್ತಿರುವಾಗಲೇ ಪ್ರಾರ್ಥಿಸುವೆವು.

ಹರಿದದ್ದನ್ನು ಕೂಡಿಸುವವನೂ ದೂರವಾದವರನ್ನು ಸಮೀಪಕ್ಕೆ ತರುವವನೂ ಆದ ನಮ್ಮ ಕರ್ತನು ನಿಮ್ಮ ಮನೆಗಳ ಮೇಲೆ ತನ್ನ ಸಮಾಧಾನವನ್ನು ಹೊದಿಸಲಿ. ಆಮೆನ್.