ನೋವು ಶಾಪವೋ?

ಹಲ್ಲುನೋವಿನಿಂದ ರಾತ್ರಿಯೆಲ್ಲಾ ನಿದ್ರೆಗೆಟ್ಟವನು, ನೋವೆಂಬದೇ ಲೋಕದಲ್ಲಿ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತೆಂದು ನೆನಸದೆ ಇರುವದುಂಟೇ? ನೋವು ಪಾಪದ ಫಲವೆಂದೂ ದೇವರು ಮನುಷ್ಯನ ಮೇಲೆ ಹೊರಿಸಿದ ಶಾಪವೆಂದೂ ಸಭೆಯ ಹಿರಿಯರಲ್ಲಿ ಕೆಲವರು ಹೇಳುವದನ್ನು ನಾವು ಕೇಳಿದ್ದೇವೆ. ಈ ಮಾತು ಎಷ್ಟರ ಮಟ್ಟಿಗೆ ನಿಜವೆಂದು ವಿಚಾರಿಸುವದಾದರೆ, ನೋವನ್ನು ಅರಿಯದವರ ಸ್ಥಿತಿಯನ್ನು ಮೊದಲು ನೋಡತಕ್ಕದ್ದು. ಅಂಥವರನ್ನು ದೂರದೇಶದಲ್ಲಿ ಹುಡುಕಬೇಕಾಗಿಲ್ಲ. ಕುಷ್ಠರೋಗದಿಂದ ಕೈಕಾಲುಗಳ ಅರಿವನ್ನು ಕಳಕೊಂಡವರು ನಮ್ಮ ದೇಶದ ಹಳ್ಳಿಗಳಲ್ಲಿಯೇ ಇದ್ದಾರೆ.

ಈ ರೋಗದ ಕ್ರಿಮಿಯನ್ನು 1873ರಲ್ಲಿ ನಾರ್ವೆ ದೇಶದ ಹ್ಯಾನ್ಸೆನ್ ಎಂಬ ವೈದ್ಯರು ಕಂಡುಹಿಡಿದರು. ಆದರೂ ಆ ಕ್ರಿಮಿಯಿಂದ ಮಾಂಸವು ತಾನಾಗಿ ಕೊಳೆತು ಬೆರಳುಗಳು ಉದುರುತ್ತವೆಂಬ ನಂಬಿಕೆಯು ವೈದ್ಯರಲ್ಲಿಯೂ ಬಹುಕಾಲ ಉಳಿದಿತ್ತು. ಕೊಲ್ಲಿಮಲೆಯ ಮಿಶನೆರಿ ದಂಪತಿಗಳ ಮಗನಾದ ಡಾಕ್ಟರ್ ಪಾಲ್ ಬ್ರ್ಯಾಂಡ್ ಎಂಬವರು 1946ರಲ್ಲಿ ವೇಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದರು. ಅವರು ಚೆಂಗಲ್ಪಟ್ಟಿನ ಕುಷ್ಠಾಶ್ರಮವನ್ನು ನೋಡಹೋದಾಗ, ಬೆರಳುಗಳು ಮುದುಡಿದ್ದ ಒಬ್ಬ ರೋಗಿಗೆ ತಮ್ಮ ಕೈಯನ್ನು ಕೊಟ್ಟು, ಬಲವಾಗಿ ಅದುಮೆಂದು ಹೇಳಿದರು. ಆ ಹಿಡಿತವು ಇಕ್ಕಳದಂತಿತ್ತು. ಡಾಕ್ಟರರೇ ನೋವಿನಿಂದ ಕೂಗಬೇಕಾಯಿತು. ಸತ್ತ ಕೈಯೆಂದು ಎಲ್ಲರೂ ಎಣಿಸಿದ್ದ ಆ ಕೈಯಲ್ಲಿ ಅಷ್ಟು ಶಕ್ತಿಯು ಅಡಗಿತ್ತು! ರೋಗವು ಕೆಲವು ನರಗಳನ್ನು ಮಾತ್ರ ಕೆಡಿಸಿತ್ತು. ಮುಂಗೈಯ ಸ್ನಾಯುಗಳು ಜೀವಂತವಾಗಿದ್ದವು. ತರುವಾಯ ಅವರು ಬಲವುಳ್ಳ ಸ್ನಾಯುಗಳ ರಜ್ಜುಗಳನ್ನು ಬೇರೆ ಸ್ಥಾನಕ್ಕೆ ತಂದು ಹೊಲಿದು, ಮುದುಡಿದ ಅನೇಕ ಕೈಗಳು ಪುನಃ ತೆರೆಯುವಂತೆ ಮಾಡಿದರು.

ಹಾಗಾದರೆ ಬೆರಳುಗಳು ಯಾಕೆ ಸವೆದು ಹೋಗುತ್ತವೆ? ಒಂದು ದಿನ ತುಕ್ಕು ಹಿಡಿದ ಬೀಗವನ್ನು ತೆರೆಯಲು ಡಾಕ್ಟರರು ಹೆಣಗಾಡುತ್ತಿರುವಾಗ, ರೋಗಿಯಾದ ಒಬ್ಬ ಹುಡುಗನು ಬಂದು ಬೀಗದಕೈಯನ್ನು ಸರಾಗವಾಗಿ ತಿರುಗಿಸಿಬಿಟ್ಟನು. ನೋಡಿದರೆ ಅವನ ಬೆರಳು ಎಲುಬು ಕಾಣುವ ಹಾಗೆ ಹರಿದಿತ್ತು. ಅದು ಅವನಿಗೆ ಗೊತ್ತೇ ಇರಲಿಲ್ಲ. ರಾತ್ರಿ ಮಲಗಿದ್ದಾಗ ಇಲಿಗಳು ಬೆರಳನ್ನು ಕಡಿದರೂ ಕೆಲವರು ಎಚ್ಚರಗೊಳ್ಳುತ್ತಿರಲಿಲ್ಲ. ಆದಕಾರಣ ರೋಗಿಗಳಿಗೆ ಬೆಕ್ಕುಗಳನ್ನು ಕೊಟ್ಟರಂತೆ. (ಬೆಕ್ಕೂ ವೈದ್ಯನ ಸಹಾಯಕ್ಕೆ ಬಂತೆಂದು ನಗಬೇಡಿರಿ.) ಹೀಗೆ ಅವರ ಬೆರಳುಗಳನ್ನು ತಿಂದದ್ದು ರೋಗವಲ್ಲ, ನೋವಿಲ್ಲದಿರುವಿಕೆಯೇ ಎಂದು ತಿಳಿದುಬಂತು.

ಮುಟ್ಟುವಿಕೆಯು ಹೇಗೆ ಉಂಟಾಗುತ್ತದೆಂಬ ಗುಟ್ಟು ಇತ್ತೀಚೆಗೆ ಹೊರಬಿತ್ತು. ಕಾಲಿಫೋರ್ನಿಯದಲ್ಲಿ ಆರ್ಡೆಮ್ ಪಟಾಪೌಟಿಯನ್ ಎಂಬವರೂ ಅವರ ಜೊತೆಯವರೂ, ಒತ್ತಿದರೆ ವಿದ್ಯುತ್ತಿನ ಸನ್ನೆ ಕೊಡುವ ಕೋಶಗಳನ್ನು ಹಿಡಿದು, 72 ಜೀನುಗಳನ್ನು ಒಂದೊಂದಾಗಿ ಅಡಗಿಸಿ ಪರೀಕ್ಷಿಸಿದರು. ಕೊನೆಯದನ್ನು ಅಡಗಿಸಿದಾಗ ಕೋಶವು ಸುಮ್ಮನಾಯಿತು. ಅದರ ಸಂಬಂಧಿಯಾದ ಪೀಯೆಜೋ-2 ಎಂಬದು ನಮ್ಮ ನರಗಳ ತುದಿಯಲ್ಲಿದ್ದು, ಒತ್ತಡದಿಂದ ತೆರೆಯುವ ಪುಟ್ಟ ಬಾಗಿಲಾಗಿದೆ. ಇದು 2010ರಲ್ಲಿ ಪ್ರಕಟವಾಯಿತು. 2021ರಲ್ಲಿ ಅವರಿಗೆ ಡೇವಿಡ್ ಜೂಲಿಯಸ್ ಎಂಬವರೊಂದಿಗೆ ನೊಬೆಲ್ ಬಹುಮಾನವು ದೊರೆಯಿತು. ಈ ಬಾಗಿಲು ಇಲ್ಲದೆ ಹುಟ್ಟಿದ ಇಬ್ಬರ ವೃತ್ತಾಂತವು 2016ರಲ್ಲಿ ಹೊರಬಂತು. ಅವರಿಗೆ ಸೂಜಿಯ ನೋವು ತಿಳಿಯುತ್ತದೆ, ಯಾಕಂದರೆ ಅದನ್ನು ತಿಳಿಸುವ ದಾರಿ ಬೇರೆ. ಆದರೆ ಕಣ್ಣು ಕಟ್ಟಿದರೆ ತಮ್ಮ ಕೈಕಾಲು ಎಲ್ಲಿದೆಯೆಂದು ತಿಳಿಯದೆ, ಹೆಜ್ಜೆಯಿಡಲಾರದೆ ಬೀಳುತ್ತಾರೆ. ಅರಿವಿಲ್ಲದ ಕಡೆ ನಡೆಯೂ ಕೆಡುತ್ತದೆ.

ಬ್ರ್ಯಾಂಡರು 1966ರಲ್ಲಿ ಅಮೇರಿಕದ ಕಾರ್ವಿಲ್ ಎಂಬ ಊರಿನ ಕುಷ್ಠಾಸ್ಪತ್ರೆಗೆ ಹೋದ ಮೇಲೆ, ನೋವಿಲ್ಲದವರಿಗೆ ಕೃತ್ರಿಮವಾದ ನೋವನ್ನು ಕೊಡಲು ಯತ್ನಿಸಿದರು. ಒತ್ತಡ ಮಿತಿಮೀರಿದರೆ ಯಂತ್ರವು ಶಬ್ದಮಾಡುತ್ತಿತ್ತು, ರೋಗಿಗಳು ಲಕ್ಷ್ಯಮಾಡಲಿಲ್ಲ. ಶಬ್ದಕ್ಕೆ ಬದಲಾಗಿ ವಿದ್ಯುತ್ತಿನ ಪೆಟ್ಟು ಕೊಟ್ಟರೆ, ಕೆಲಸವು ಅವಸರವಾದಾಗ ಯಂತ್ರವನ್ನೇ ಆರಿಸಿ ಕೆಲಸ ಮುಗಿಸುತ್ತಿದ್ದರು. ಕಡೆಗೆ ಆ ಯತ್ನವನ್ನು ಬಿಡಬೇಕಾಯಿತು. ಇದರ ಮೇಲೆ ನಾವು ಎಷ್ಟೋ ಸಾರಿ ಯೋಚಿಸಿದ್ದೇವೆ. ನಮ್ಮ ಇಷ್ಟದಂತೆ ಆರಿಸಬಹುದಾದ ನೋವಿನಿಂದ ಕಾವಲಿನ ಕೆಲಸವು ನಡೆಯದು. ಹಾಗಾದರೆ ಸೃಷ್ಟಿಕರ್ತನು ನೋವಿನ ಕೀಲಿಯನ್ನು ನಮ್ಮ ಕೈಯಲ್ಲಿ ಇಡದೆ ಹೋದದ್ದು ಕ್ರೂರತೆಯೋ, ಕನಿಕರವೋ?

ಕನಿಕರವೇ ಎಂದು ನಾವು ನಂಬುತ್ತೇವೆ. ಆದರೆ ಇಲ್ಲಿ ಅವಸರಪಡಬಾರದು. ಹುಣ್ಣಿನ ರೋಗದಿಂದ ತಿಂಗಳುಗಟ್ಟಲೆ ನರಳುವ ತಾಯಿಯ ಹಾಸಿಗೆಯ ಬಳಿಯಲ್ಲಿ ನಿಂತು, ಅಮ್ಮಾ, ನೋವು ದೇವರ ವರವೆಂದು ಹೇಳುವ ಬೋಧಕನು ಯೋಬನ ಸ್ನೇಹಿತರ ಸಾಲಿಗೆ ಸೇರಿದವನೇ. ಸುದ್ದಿಯನ್ನು ತಂದ ದೂತನು ಸುದ್ದಿ ಹೇಳಿದ ಮೇಲೂ ಬಾಗಿಲು ಬಡಿಯುತ್ತಲೇ ಇದ್ದರೆ ಅವನು ಕಾವಲುಗಾರನಲ್ಲ, ಪೀಡಕನು. ಅಂಥ ನೋವಿಗೆ ಔಷಧ ಕೊಡುವದು ಧರ್ಮವೇ. ಅದನ್ನು ಸಹಿಸೆಂದು ಪರರಿಗೆ ಬೋಧಿಸುವದಕ್ಕೆ ನಮಗೆ ಅಧಿಕಾರವಿಲ್ಲ. ನೋವು ಒಳ್ಳೇದೆಂದು ಹೇಳುವವನು ತನ್ನ ನೋವಿನ ವಿಷಯದಲ್ಲಿ ಹೇಳಲಿ.

ನಮ್ಮ ಕರ್ತನು ಕುಷ್ಠರೋಗಿಯನ್ನು ಗುಣಪಡಿಸುವಾಗ ಕೈನೀಡಿ ಅವನನ್ನು ಮುಟ್ಟಿದನೆಂದು ಮಾರ್ಕನು ತಿಳಿಸುತ್ತಾನೆ. ಮಾತೇ ಸಾಕಾಗಿರಲಿಲ್ಲವೇ? ಶತಾಧಿಪತಿಯ ಆಳನ್ನು ಆತನು ದೂರದಿಂದಲೇ ಸ್ವಸ್ಥಪಡಿಸಲಿಲ್ಲವೇ? ಚರ್ಮದಲ್ಲಿ ಮೃದುವಾದ ಸವರುವಿಕೆಗೆ ಮಾತ್ರ ಚೆನ್ನಾಗಿ ಓಗೊಡುವ ಸಣ್ಣ ನರಗಳುಂಟೆಂದು ಸ್ವೀಡನ್ನಿನ ವಿದ್ವಾಂಸರು ತೋರಿಸಿದ್ದಾರೆ. ಅವುಗಳ ಸುದ್ದಿ ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ಮೆಲ್ಲಗೆ ಮಿದುಳಿಗೆ ಹೋಗುತ್ತದೆ. ಅದು ವಸ್ತುವಿನ ಆಕಾರವನ್ನು ತಿಳಿಸದು, ಮಮತೆಯನ್ನು ತಿಳಿಸುತ್ತದೆ. ಬಹುವರ್ಷ ಯಾರೂ ಮುಟ್ಟದವನಿಗೆ ಆ ಕೈ ಏನಾಗಿತ್ತೆಂಬದನ್ನು ವಾಚಕರೇ ನೆನಸಿರಿ.

1982ರಿಂದ ಬಹು ಔಷಧಗಳ ಚಿಕಿತ್ಸೆಯುಂಟು. ಆರು ಅಥವಾ ಹನ್ನೆರಡು ತಿಂಗಳಲ್ಲಿ ರೋಗವು ವಾಸಿಯಾಗುತ್ತದೆ. 1898ರ ಕುಷ್ಠರೋಗಿಗಳ ಕಾಯಿದೆಯು 2016ರಲ್ಲಿ ರದ್ದಾಯಿತು. ಈ ರೋಗವನ್ನು ವಿವಾಹವಿಚ್ಛೇದನಕ್ಕೆ ಕಾರಣವೆಂದು ಹೇಳುತ್ತಿದ್ದ ಮಾತನ್ನು 2019ರಲ್ಲಿ ಕ್ರೈಸ್ತರ ಕಾಯಿದೆಯಿಂದಲೂ ತೆಗೆದುಹಾಕಿದರು. ಆದರೆ ದೇವಾಲಯದ ಹಿಂದಿನ ಬೆಂಚನ್ನು ಯಾವ ಕಾಯಿದೆಯೂ ಮುಂದಕ್ಕೆ ಎಳೆಯಲಿಲ್ಲ. ರೋಗವು ವಾಸಿಯಾದರೂ ಸತ್ತ ನರವು ಸಾಮಾನ್ಯವಾಗಿ ತಿರಿಗಿ ಚಿಗುರುವದಿಲ್ಲ. ಆದದರಿಂದ ಅಂಥವನು ಪ್ರತಿ ಸಾಯಂಕಾಲ ತನ್ನ ಪಾದಗಳನ್ನು ನೀರಿನಲ್ಲಿ ನೆನೆಯಿಟ್ಟು, ಎಣ್ಣೆ ಹಚ್ಚಿ, ಮುಳ್ಳು ಬೊಕ್ಕೆಗಳಿವೆಯೋ ಎಂದು ಕಣ್ಣಿನಿಂದ ನೋಡಿಕೊಳ್ಳಬೇಕು. ವಯಸ್ಸಾಗಿ ಕಣ್ಣು ಮಂಜಾದವನಿಗೆ ಬೇರೊಬ್ಬರು ಆ ಅಂಗಾಲನ್ನು ಕೈಯಲ್ಲಿ ಹಿಡಿದು, ದೀಪವನ್ನು ಹತ್ತಿರ ತಂದು ನೋಡಬೇಕಾಗುತ್ತದೆ.