ಭಾನುವಾರದ ತಿರುಗಾಟ ಯಾರದು?

ಮಹಾನಗರದಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ವಾರಕ್ಕೆ ಬಿಡುವೆಂದು ಸಿಗುವುದು ಒಂದೇ ಭಾನುವಾರ. ಆ ಸಂಜೆ ಮಕ್ಕಳನ್ನು ಕರೆದುಕೊಂಡು ಮರೀನ್ ಡ್ರೈವಿಗೋ, ಶಿವಾಜಿ ಪಾರ್ಕಿಗೋ, ಮಾಟುಂಗದ ಫೈವ್ ಗಾರ್ಡನ್ಸಿಗೋ ಹೊರಡುವುದು ಮುಂಬಯಿ ಕನ್ನಡಿಗರ ವಾಡಿಕೆ. ಹೊರಟ ಹತ್ತು ನಿಮಿಷಕ್ಕೆ "ಕಾಲು ನೋವು", "ಎತ್ಕೋ" ಎಂಬ ರಾಗ ಆರಂಭವಾಗುತ್ತದೆ. ಆಗ ನಾವೆಲ್ಲ ಬಳಸುವ ಅಸ್ತ್ರ ಒಂದೇ: "ಆ ತುದೀವರೆಗೂ ನಡಿ ಪುಟ್ಟಾ, ಕುಲ್ಫಿ ಕೊಡಿಸ್ತೀನಿ." ಮಕ್ಕಳಿಗೆ ತಿರುಗಾಟದಲ್ಲಿ ಸ್ವಾರಸ್ಯ ಹುಟ್ಟಿಸುವುದು ಹೇಗೆ ಎಂಬುದನ್ನು ನಾವು ಉಪಾಯದ ಪ್ರಶ್ನೆಯೆಂದೇ ತಿಳಿದಿದ್ದೇವೆ. ನನಗೆ ಅದರಲ್ಲಿ ನೀತಿಯ ಪ್ರಶ್ನೆಯೂ ಕಾಣುತ್ತದೆ.

ಕುಲ್ಫಿಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ಕೂಲಿಯಾಗಿ ಕೊಟ್ಟ ಕುಲ್ಫಿ ಮಗುವಿಗೆ ಹೇಳುವುದೇನು? ನಡೆಯುವುದು ಕಷ್ಟದ ಕೆಲಸ, ಅದನ್ನು ಯಾರೂ ಪುಕ್ಕಟೆ ಮಾಡುವುದಿಲ್ಲ ಎಂದು. ಮನೆಗೆ ಮರಳುವ ದಾರಿಗೆ ಅದು ಇನ್ನೊಂದು ಕೂಲಿ ಕೇಳಿದರೆ ಹಟವೆನ್ನಬೇಡಿ, ಅದು ಶುದ್ಧ ತರ್ಕ.

ಅರಿಸ್ಟಾಟಲ್ ನಮ್ಮ ಚಟುವಟಿಕೆಗಳಲ್ಲಿ ಎರಡು ಬಗೆ ಕಂಡ. ಕೆಲವು ಗುರಿ ಮುಟ್ಟಿದಾಗ ಮಾತ್ರ ಪೂರ್ಣವಾಗುತ್ತವೆ, ಮನೆ ಕಟ್ಟುವ ಹಾಗೆ. ಕೆಲವು ಪ್ರತಿ ಕ್ಷಣವೂ ಪೂರ್ಣವಾಗಿರುತ್ತವೆ, ನೋಡುವ ಹಾಗೆ. ನಡಿಗೆಯನ್ನು ಆತ ಮೊದಲನೆಯ ಸಾಲಿಗೆ ಸೇರಿಸಿಬಿಟ್ಟ. ಅವನಿಗೂ ಮಕ್ಕಳಿದ್ದರು, ಮೂರು ವರ್ಷದ ಮಗುವಿನ ಕೈಹಿಡಿದು ಬೀದಿಯಲ್ಲಿ ಎಷ್ಟು ದೂರ ಹೋಗಿದ್ದನೋ ತಿಳಿಯದು! ಮಗುವಿಗೆ ನಡಿಗೆಯೆಂದರೆ ಇರುವೆಯ ಸಾಲು, ಸೋಡಾ ಬಾಟಲಿಯ ಮುಚ್ಚಳ, ಮಲಗಿದ ನಾಯಿ. ಅದು ಎಲ್ಲಿಗೂ ಹೋಗುತ್ತಿಲ್ಲ. ಹೋಗುತ್ತಿರುವವರು ನಾವು. ಈಗಂತೂ ಅಪ್ಪನ ಮಣಿಕಟ್ಟಿನ ಗಡಿಯಾರ ಹೆಜ್ಜೆಗಳನ್ನು ಎಣಿಸುತ್ತದೆ, 10,000 ತುಂಬಬೇಕು. ಈ ಸಂಖ್ಯೆ ಮೊದಲು ಹೆಸರುವಾಸಿಯಾದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರಿಂದ. 'ಹತ್ತು ಸಾವಿರ ಹೆಜ್ಜೆಯ ಮಾಪಕ' ಎಂಬುದೇ ಅದರ ಹೆಸರಾಗಿತ್ತು. ಒಂದು ಸರಕಿನ ಹೆಸರಿಗಾಗಿ ಮಗುವನ್ನು ಇರುವೆ ಸಾಲಿನಿಂದ ಎಳೆದುಕೊಂಡು ಹೋಗುವುದು ನ್ಯಾಯವೇ?

"ನಾವು ಮೂರು ಮೈಲಿ ನಡೆದು ಶಾಲೆಗೆ ಹೋದವರು. ನಮಗೆ ಯಾರು ಸ್ವಾರಸ್ಯ ಹುಟ್ಟಿಸಿದರು?" ಎಂದು ಹಿರಿಯರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಊರಿನ ಆ ದಾರಿಯಲ್ಲಿ ಹುಣಸೆಮರವಿತ್ತು, ಕೆರೆಯ ಏರಿಯಿತ್ತು, ಓರಗೆಯ ಹುಡುಗರಿದ್ದರು, ಮುಖ್ಯವಾಗಿ, ದೊಡ್ಡವರಿರಲಿಲ್ಲ. ಇಲ್ಲಿ ಲೋಕಲ್ ಗಾಡಿ, ಬಸ್ಸು, ಜನಜಂಗುಳಿಗಳ ನಡುವೆ ಮಗುವಿನ ಕೈ ಬಿಡುವಂತಿಲ್ಲ. ಕಾಯಲು ನಾವು ಇರಲೇಬೇಕು, ಹಾಗೆ ಇರುವುದರಿಂದಲೇ ಅದರ ಆಟಕ್ಕೆ ಅಡ್ಡಿಯಾಗುತ್ತೇವೆ. ಇದಕ್ಕೆ ಪೂರ್ತಿ ಪರಿಹಾರವಿದೆಯೆಂದು ನಾನು ನಂಬುವುದಿಲ್ಲ. ಅಡ್ಡಿಯನ್ನು ಕಡಿಮೆ ಮಾಡಿಕೊಳ್ಳಬಹುದು, ಅಷ್ಟೆ.

ಅಮೆರಿಕದ ರೇಚಲ್ ಕಾರ್ಸನ್ 1956ರಲ್ಲಿ ಬರೆದ ಲೇಖನವೊಂದು ಇಲ್ಲಿ ನೆನಪಿಗೆ ಬರುತ್ತದೆ. ವರಸೆಯಲ್ಲಿ ಮೊಮ್ಮಗನಾಗುವ ಪುಟ್ಟ ಹುಡುಗನನ್ನು ಆಕೆ ಮಳೆ, ಕತ್ತಲೆ ಎನ್ನದೆ ಮೇಯ್ನ್ ತೀರದ ಕಡಲಿಗೂ ಕಾಡಿಗೂ ಕರೆದೊಯ್ಯುತ್ತಿದ್ದರು. ಪಾಠ ಹೇಳಲಿಲ್ಲ; ತಮಗೆ ಸೋಜಿಗವೆನಿಸಿದ್ದನ್ನು ಬಾಯಿಬಿಟ್ಟು ಹೇಳಿದರು. ಹೆಸರುಗಳು ತಾವಾಗಿಯೇ ಹುಡುಗನ ನಾಲಗೆಯ ಮೇಲೆ ನಿಂತವು. ಇಲ್ಲಿ ಕಷ್ಟದ ಭಾಗವೆಂದರೆ ನಮಗೆ ಸೋಜಿಗವಾಗಬೇಕು; ನಟಿಸಿದರೆ ಮಕ್ಕಳಿಗೆ ಕೂಡಲೇ ತಿಳಿಯುತ್ತದೆ. ಸೋಜಿಗಕ್ಕೆ ಬರವೇನೂ ಇಲ್ಲ. ನಮ್ಮ ರಸ್ತೆಗಳ ಮಳೆಮರ ಸಂಜೆಯಾದೊಡನೆ ಎಲೆ ಮಡಿಸಿಕೊಳ್ಳುತ್ತದೆ. ಅದು ಮಲಗುವುದನ್ನು ನೀವು ಎಂದಾದರೂ ನಿಂತು ನೋಡಿದ್ದೀರಾ?

ಹೊರನಾಡಿನ ನಮಗೆ ಇನ್ನೊಂದು ಅನುಕೂಲವಿದೆ. ತಂದೆತಾಯಿಗೆ ಒಂದು ಹೆಸರು ಗೊತ್ತು, ಮಗುವಿಗೆ ಶಾಲೆಯ ಗೆಳೆಯರಿಂದ ಮತ್ತೊಂದು. ನಮ್ಮ ಹೊಂಗೆ ಇಲ್ಲಿ ಕರಂಜ, ನಮ್ಮ ಮುತ್ತುಗ ಪಳಸ. ನಮ್ಮ ಹೊಳೆದಾಸವಾಳ ತಾಮಣ್ ಎಂಬ ಹೆಸರಿನಲ್ಲಿ ಮಹಾರಾಷ್ಟ್ರದ ರಾಜ್ಯಪುಷ್ಪವೇ ಆಗಿದೆ. ಕೆಂಬೂತದ ಕಥೆಯಂತೂ ಬೇರೆ. ಕೆಂಪು ರೆಕ್ಕೆಯ, ಕೆಂಗಣ್ಣಿನ ಈ ಹಕ್ಕಿ ಮುಂಬಯಿಯ ತೋಟಗಳಲ್ಲೂ ಪೊದೆಯಿಂದ ಪೊದೆಗೆ ನುಸುಳುತ್ತಿರುತ್ತದೆ. ಕನ್ನಡದ ಗಾದೆಯಲ್ಲಿ ಅದು ನವಿಲನ್ನು ನೋಡಿ ಕುಣಿಯಹೋಗಿ ನಗೆಪಾಟಲಾದ ಪ್ರಾಣಿ. ಮರಾಠಿಯಲ್ಲಿ ಅದು ಭಾರದ್ವಾಜ, ಋಷಿಯ ಹೆಸರು ಹೊತ್ತ ಹಕ್ಕಿ. ಬೆಳಿಗ್ಗೆ ಕಣ್ಣಿಗೆ ಬಿದ್ದರೆ ಶುಭವೆಂದು ಇಲ್ಲಿಯ ಜನ ನಂಬುತ್ತಾರೆ. ಹಕ್ಕಿ ಒಂದೇ, ಎರಡು ಭಾಷೆಗಳಲ್ಲಿ ಎರಡು ಮರ್ಯಾದೆ. ಇದನ್ನು ತಿಳಿದ ಏಳು ವರ್ಷದ ಹುಡುಗಿ ಪೊದೆಯ ಮುಂದೆ ನಿಂತು "ಯಾವುದು ನಿಜ ಅಪ್ಪಾ?" ಎಂದು ಕೇಳಿದರೆ, ಅದಕ್ಕಿಂತ ದೊಡ್ಡ ಪ್ರಶ್ನೆಯನ್ನು ಯಾವ ತತ್ವಶಾಸ್ತ್ರದ ತರಗತಿಯಲ್ಲೂ ನಿರೀಕ್ಷಿಸಬೇಕಾಗಿಲ್ಲ. ಅಲ್ಲಿ ಅಪ್ಪ ಕನ್ನಡದ ಅಭಿಮಾನಕ್ಕಾಗಿ ತೀರ್ಪು ಕೊಡಬಾರದು. ನಮ್ಮ ಭಾಷೆ ಉಳಿಯಲೆಂದು ತಿರುಗಾಟವನ್ನು ಕನ್ನಡದ ಪರೀಕ್ಷೆ ಮಾಡಿದರೆ ಅದೂ ಕುಲ್ಫಿಯ ಲಂಚದಷ್ಟೇ ಕೆಟ್ಟದ್ದು.

ಹಾಗೆಂದು ಎಲ್ಲವೂ ಮಗುವಿನ ಮರ್ಜಿಯಂತೆ ನಡೆಯಬೇಕೆಂದಲ್ಲ. ಮಂಡಿನೋವಿನ ಅಜ್ಜಿ ಜೊತೆಗಿದ್ದರೆ ಮಗು ಕಾಯಬೇಕು. ಹಾಗೆ ನೋಡಿದರೆ ಅವರಿಬ್ಬರದೇ ಒಳ್ಳೆಯ ಜೋಡಿ, ಇಬ್ಬರ ವೇಗವೂ ಒಂದೇ. ಮುಂದೆ ಮುಂದೆ ಓಡುವವರು ಅಪ್ಪ ಅಮ್ಮ. ತಿಂಗಳ ನಾಲ್ಕು ಭಾನುವಾರಗಳಲ್ಲಿ ಒಂದನ್ನು ಈ ಜೋಡಿಗೆ ಬಿಟ್ಟುಕೊಟ್ಟು, ಯಾವ ತಿರುವಿನಲ್ಲಿ ತಿರುಗಬೇಕು, ಎಲ್ಲಿ ಕೂರಬೇಕು, ಯಾವಾಗ ಮರಳಬೇಕೆಂಬುದನ್ನು ಅವರೇ ಹೇಳಲಿ ಎನ್ನಬಹುದು. ಫೈವ್ ಗಾರ್ಡನ್ಸಿನ ಐದರಲ್ಲಿ ಒಂದೇ ತೋಟಕ್ಕೆ ಮೂರು ಸಲ ಸುತ್ತು ಹಾಕಿಸಿ, ಉಳಿದ ನಾಲ್ಕನ್ನು ನೋಡದೆಯೇ ಮನೆಗೆ ಕರೆತಂದಾರು. ತರಲಿ.