ಒಬ್ಬನ ಬೆಲೆ, ಒಂಬತ್ತು ಮಂದಿಯ ಆಟ

ಸೋಲುತ್ತಿರುವ ತಂಡದಲ್ಲಿ ಅತಿ ಹೆಚ್ಚು ಸಂಬಳ ಪಡೆಯುವವನೇ ಸೋಲಿಗೆ ಕಾರಣನೆಂದು ಹೇಳುವುದು ಸುಲಭ. ಅವನ ಬೆಲೆ ಊರಿಗೆಲ್ಲ ಗೊತ್ತಿರುತ್ತದೆ. ಉಳಿದ ಕಾರಣಗಳನ್ನು ಹುಡುಕಬೇಕಾಗುತ್ತದೆ. ಆದರೆ ಈ ತೀರ್ಪು ನ್ಯಾಯವಾದುದೇ? ಅಮೆರಿಕದ ಬೇಸ್‌ಬಾಲ್ ಚರಿತ್ರೆಯ ಒಂದು ಪ್ರಸಂಗವನ್ನು ಮುಂದಿಟ್ಟುಕೊಂಡು ವಿಚಾರಿಸೋಣ. ಆ ಆಟ ನಮ್ಮ ಮೈದಾನಗಳದ್ದಲ್ಲ. ಪ್ರಶ್ನೆ ಮಾತ್ರ ಎಲ್ಲರದು.

2000ದ ಡಿಸೆಂಬರಿನಲ್ಲಿ ಟೆಕ್ಸಾಸ್ ರೇಂಜರ್ಸ್ ತಂಡ ಇಪ್ಪತ್ತೈದು ವಯಸ್ಸಿನ ಅಲೆಕ್ಸ್ ರೊಡ್ರಿಗಸ್ ಅವರೊಡನೆ ಹತ್ತು ವರ್ಷಗಳಿಗೆ 25 ಕೋಟಿ 20 ಲಕ್ಷ ಡಾಲರುಗಳ ಒಪ್ಪಂದ ಮಾಡಿಕೊಂಡಿತು. ಮಾಲೀಕ ಟಾಮ್ ಹಿಕ್ಸ್ 1998ರಲ್ಲಿ ಇಡೀ ತಂಡವನ್ನು ಕೊಂಡದ್ದೇ ಸುಮಾರು 25 ಕೋಟಿ ಡಾಲರಿಗೆ. ಮುಂದಿನ ಮೂರು ವರ್ಷಗಳಲ್ಲಿ ರೊಡ್ರಿಗಸ್ ಕ್ರಮವಾಗಿ 52, 57 ಮತ್ತು 47 ಹೋಮ್ ರನ್ ಹೊಡೆದರು. 2003ರಲ್ಲಿ ಅಮೆರಿಕನ್ ಲೀಗಿನ ಅತ್ಯಮೂಲ್ಯ ಆಟಗಾರರೆನಿಸಿದರು. ತಂಡವೋ 162 ಪಂದ್ಯಗಳಲ್ಲಿ ಕ್ರಮವಾಗಿ 73, 72, 71 ಗೆದ್ದು, ಮೂರು ವರ್ಷವೂ ತನ್ನ ವಿಭಾಗದ ಕೊನೆಯ ಸ್ಥಾನದಲ್ಲೇ ಉಳಿಯಿತು. ಅವರು ಬಿಟ್ಟುಬಂದಿದ್ದ ಸಿಯಾಟಲ್ ತಂಡ 2001ರಲ್ಲಿ 116 ಪಂದ್ಯ ಗೆದ್ದಿತು. ಆಪಾದನೆಗೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕೇ ಎನಿಸುತ್ತದೆ.

ಆದರೆ ಬೇಸ್‌ಬಾಲಿನ ರೀತಿಯನ್ನು ನೋಡಬೇಕು. ಒಂಬತ್ತು ಮಂದಿ ಸರದಿಯಂತೆ ಬ್ಯಾಟು ಹಿಡಿಯುತ್ತಾರೆ. ಎಂಥ ವೀರನಾದರೂ ತನ್ನ ಸರದಿಗೆ ಕಾಯಲೇಬೇಕು. ಒಂದು ಪಂದ್ಯದಲ್ಲಿ ಅವನಿಗೆ ಸಿಗುವುದು ನಾಲ್ಕೈದು ಅವಕಾಶ. ಕ್ರಿಕೆಟಿನಂತೆ ಒಬ್ಬನೇ ದಿನವಿಡೀ ನಿಂತು ತಂಡವನ್ನು ದಡ ಮುಟ್ಟಿಸುವ ಹಾದಿ ಅಲ್ಲಿಲ್ಲ. ಅದಕ್ಕೂ ಮಿಗಿಲಾಗಿ, ಎದುರಾಳಿಯನ್ನು ತಡೆಯುವ ಮುಖ್ಯ ಭಾರ ಚೆಂಡೆಸೆಯುವವರ ಮೇಲಿರುತ್ತದೆ. 2001ರಲ್ಲಿ ಅಮೆರಿಕನ್ ಲೀಗಿನಲ್ಲಿ ಅತಿ ಹೆಚ್ಚು ರನ್ ಬಿಟ್ಟುಕೊಟ್ಟ ತಂಡ ಟೆಕ್ಸಾಸ್. ರೊಡ್ರಿಗಸ್ ಎಸೆತಗಾರರಲ್ಲ. ತಮಗೆ ಒಪ್ಪಿಸಿದ ಕೆಲಸವನ್ನು ಅವರು ಮಾಡುತ್ತಲೇ ಇದ್ದರು.

ಅವರಿಗೆ ಕೊಟ್ಟ ಹಣದಲ್ಲಿ ಒಳ್ಳೆಯ ಎಸೆತಗಾರರನ್ನು ತರಬಹುದಿತ್ತಲ್ಲ ಎಂಬ ವಾದ ಉಳಿಯುತ್ತದೆ. ಇದನ್ನು ತಳ್ಳಿಹಾಕುವಂತಿಲ್ಲ. ನಮ್ಮ ಐಪಿಎಲ್‌ನಲ್ಲಿ ತಂಡದ ಖರ್ಚಿಗೆ ಕಟ್ಟುನಿಟ್ಟಾದ ಮಿತಿಯಿದೆ. 2025ರ ಸಾಲಿಗೆ ಲಖನೌ ತಂಡ 120 ಕೋಟಿ ರೂಪಾಯಿಗಳಲ್ಲಿ 27 ಕೋಟಿಯನ್ನು ರಿಷಭ್ ಪಂತ್ ಒಬ್ಬರಿಗೇ ಕೊಟ್ಟಾಗ ಉಳಿದವರ ಪಾಲು ಅಷ್ಟರಮಟ್ಟಿಗೆ ಕುಗ್ಗಿತು. ಅಮೆರಿಕದ ಬೇಸ್‌ಬಾಲಿನಲ್ಲಿ ಅಂಥ ಮಿತಿಯಿಲ್ಲ. ಮಿತಿಯನ್ನು ಗೊತ್ತುಮಾಡುವವನು ಮಾಲೀಕ. ಹಿಕ್ಸ್ ಖರ್ಚು ಮಾಡದೆ ಇರಲೂ ಇಲ್ಲ. ಒಪ್ಪಂದವಾದ ಮರುವರ್ಷವೇ ಚಾನ್ ಹೋ ಪಾರ್ಕ್ ಎಂಬ ಎಸೆತಗಾರರಿಗೆ ಐದು ವರ್ಷಕ್ಕೆ ಆರೂವರೆ ಕೋಟಿ ಡಾಲರ್ ಕೊಟ್ಟರು. ಗಾಯಗಳಿಂದ ನರಳಿದ ಅವರಿಂದ ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಹಣವಿತ್ತು, ಅದನ್ನು ಎಲ್ಲಿ ಹಾಕಬೇಕೆಂಬ ವಿವೇಕ ಸಾಲಲಿಲ್ಲ. ಆಮೇಲೆ ಒಪ್ಪಂದವನ್ನು ದೂರುವುದು, ಕುಣಿಯಲಾರದವಳು ನೆಲ ಡೊಂಕೆಂದಂತೆ.

2004ರ ಫೆಬ್ರವರಿಯಲ್ಲಿ ತಂಡ ರೊಡ್ರಿಗಸ್ ಅವರನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಬಿಟ್ಟುಕೊಟ್ಟಿತು. ಆ ವರ್ಷ ಟೆಕ್ಸಾಸ್ 89 ಪಂದ್ಯ ಗೆದ್ದಾಗ, ಪೀಡೆ ತೊಲಗಿತೆಂದು ನಂಬುವುದು ಸಹಜವಾಗಿತ್ತು. ಮರುವರ್ಷ ಗೆಲುವು 79ಕ್ಕೆ ಇಳಿಯಿತು. ಒಬ್ಬನನ್ನು ಕಳಿಸಿದ ಮಾತ್ರಕ್ಕೆ ತಂಡ ಕಟ್ಟಿದಂತಾಗುವುದಿಲ್ಲ.

ಹಾಗಾದರೆ ದೊಡ್ಡ ಬೆಲೆಯಿಂದ ಕೆಡುಕೇ ಇಲ್ಲವೇ? ಇದೆ, ಅದು ಲೆಕ್ಕದ ಪುಸ್ತಕದಲ್ಲಿ ಕಾಣುವಂಥದಲ್ಲ. 2001ರಿಂದ 2003ರವರೆಗೆ ನಿಷಿದ್ಧ ಮದ್ದನ್ನು ಬಳಸಿದ್ದಾಗಿ ರೊಡ್ರಿಗಸ್ 2009ರಲ್ಲಿ ಒಪ್ಪಿಕೊಂಡರು. ತಮ್ಮ ಬೆಲೆಗೆ ತಕ್ಕಂತೆ ಆಡಲೇಬೇಕೆಂಬ ಒತ್ತಡವನ್ನು ಕಾರಣವಾಗಿ ಹೇಳಿದರು. ಆ ತಪ್ಪು ಅವರದೇ; ಒತ್ತಡ ಅದಕ್ಕೆ ಕ್ಷಮೆಯಲ್ಲ. ಅವರ ಹೋಮ್ ರನ್ನುಗಳ ಮೇಲೂ ಅದರ ನೆರಳು ಬಿದ್ದಿದೆ. ಆದರೂ, ಮನುಷ್ಯನನ್ನು ಒಂದು ಅಂಕಿಯಾಗಿ ಕಾಣತೊಡಗಿದಾಗ ಅವನೂ ತನ್ನನ್ನು ಹಾಗೆಯೇ ಕಾಣತೊಡಗುತ್ತಾನೆಂಬುದನ್ನು ನಾವು ಮರೆಯಬಾರದು. ಕೊಡಲು ಮುಂದಾದವನಿಂದ ಪಡೆಯುವುದು ಪಾಪವಲ್ಲ. ಕೊಟ್ಟ ಮೇಲೆ, ಹತ್ತು ಜನ ಹೊರಬೇಕಾದ ಭಾರವನ್ನು ಒಬ್ಬನ ತಲೆಗೆ ಕಟ್ಟುವುದು ಅನ್ಯಾಯ.

2010ರ ಮೇ ತಿಂಗಳಲ್ಲಿ ರೇಂಜರ್ಸ್ ತಂಡ ದಿವಾಳಿಯ ಅರ್ಜಿ ಸಲ್ಲಿಸಿತು. ಹಣ ಬರಬೇಕಾದವರ ಪಟ್ಟಿಯಲ್ಲಿ, ಅಲ್ಲಿಂದ ಹೋಗಿ ಆರು ವರ್ಷವಾಗಿದ್ದ ರೊಡ್ರಿಗಸ್ ಅವರ ಹೆಸರೂ ಇತ್ತು; ಬಾಕಿ ಸುಮಾರು ಎರಡೂವರೆ ಕೋಟಿ ಡಾಲರ್. ಅದೇ ವರ್ಷದ ಅಕ್ಟೋಬರಿನಲ್ಲಿ ಆ ತಂಡವೇ ಯಾಂಕೀಸನ್ನು ಸೋಲಿಸಿ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ತಲುಪಿತು. ಯಾಂಕೀಸಿನ ಪರವಾಗಿ ಕೊನೆಯವರಾಗಿ ಔಟಾದವರು ರೊಡ್ರಿಗಸ್. ಹಳೆಯ ಒಪ್ಪಂದದ ಬಾಕಿ ಇನ್ನೂ ತೀರಿರಲಿಲ್ಲ. ತಂಡ ಮಾತ್ರ ಗೆಲ್ಲಲು ಕಲಿತಿತ್ತು.

ದುಬಾರಿ ಒಪ್ಪಂದ ತಂಡದ ದಾರಿಯನ್ನು ಇಕ್ಕಟ್ಟಾಗಿಸಬಹುದು, ಮುಚ್ಚಿಬಿಡುವುದಿಲ್ಲ. ಒಬ್ಬ ಸಮರ್ಥ ಸಿಕ್ಕನೆಂದು ಉಳಿದ ಕೆಲಸವನ್ನು ಕೈಬಿಡುವುದೇ ತಂಡವನ್ನು ನಿಜವಾಗಿ ಹಿಡಿದು ನಿಲ್ಲಿಸುತ್ತದೆ. ತಂಡಕ್ಕೆ ಸಲ್ಲುವ ಈ ಮಾತು ಸಂಘಕ್ಕೂ ಸಲ್ಲುತ್ತದೆ. ಒಬ್ಬರ ಹೆಗಲನ್ನು ನೆಚ್ಚಿ ಕುಳಿತ ನಾವು, ತೇರು ನಿಂತಾಗ ಆ ಹೆಗಲನ್ನು ದೂರುವ ಮೊದಲು ಹಗ್ಗ ನಮ್ಮ ಕೈಯಲ್ಲೂ ಇತ್ತೇ ಎಂದು ಕೇಳಿಕೊಳ್ಳಬೇಕು.